ಒಂದು ಒಳಲೆ ಕತ್ತೆ ಹಾಲು

ಬೀದಿಯಲ್ಲಿ ಗಂಟೆ ಸದ್ದಾದರೆ ಈಗಲೂ ನಾನು ಮೊದಲು ನೋಡುವುದು ಮಗುವಿನ ಕಡೆಗೆ. ಐಸ್‌ಕ್ರೀಮಿನವನ ಗಂಟೆಯಾದರೂ ಅಷ್ಟೆ.

ಅಕ್ಕ ಬಾಣಂತನಕ್ಕೆ ಧರ್ಮಪುರದ ನಮ್ಮ ಮನೆಗೆ ಬಂದಿದ್ದಳು. ಶೇಂಗಾ ಬಿಡಿಸುವ ಕಾಲ, ಊರೆಲ್ಲ ಧೂಳು. ಮೂರು ತಿಂಗಳ ಕೂಸಿಗೆ ಕೆಮ್ಮು ಹತ್ತಿ ವಾರವಾಗಿತ್ತು. ಎದೆಗೆ ಕಿವಿಯಿಟ್ಟರೆ ಗೊರಗೊರ. ಹಿರಿಯೂರಿನ ಡಾಕ್ಟರು ಕೊಟ್ಟ ಮೂಗಿನ ಹನಿಯನ್ನು ಅವ್ವ ನಂಬಲಿಲ್ಲ. ಅವಳ ಪ್ರಕಾರ ಕೆಮ್ಮಿಗೆ ದೊಡ್ಡವರಿಗಾದರೆ ಜೇನು ಮೆಣಸು, ಎಳೆಗೂಸಿಗೆ ಕತ್ತೆ ಹಾಲು.

ಆ ಬೆಳಿಗ್ಗೆ ಆಂಧ್ರದ ಕಡೆಯ ಹೆಂಗಸೊಬ್ಬಳು ಕೊರಳಿಗೆ ಗಂಟೆ ಕಟ್ಟಿದ ಕತ್ತೆ ಹೊಡೆದುಕೊಂಡು ಹಾಲು ಮಾರಲು ಬಂದಳು.

"ಏನವ್ವ, ನಿನ್ನ ಕತ್ತೆನೇ ಕೆಮ್ತಾ ಐತಲ್ಲ!" ಎಂದಳು ಅವ್ವ.

"ಕೆಮ್ಮಲ್ಲಮ್ಮೋ, ನಿಮ್ಮ ಓಣಿ ಧೂಳಿಗೆ ಸೀನ್ತೈತೆ."

ಕಾಯಿಸದ ಹಾಲು ಬೇಡ ಎಂದೆ. "ಇದನ್ನ ಕುಡ್ದೇ ನೀನು ಬಿಎಸ್ಸಿ ಮಾಡಿದ್ದು, ಸುಮ್ಕಿರೇ" ಎಂದಳು ಅವ್ವ.

ಹೆಂಗಸು ಒಳಲೆಗೇ ಹಾಲು ಕರೆದುಕೊಟ್ಟಳು. ನೊರೆ ಆರುವ ಮುಂಚೆ ಕುಡಿಸಬೇಕು. ಅವ್ವ ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡಳು. ಅದು ಅಳುತ್ತಿತ್ತು. ನಮ್ಮಲ್ಲಿ ಔಷಧಿ ಹಾಕುವುದೇ ಹೀಗೆ: ಎರಡು ಬೆರಳಲ್ಲಿ ಮೂಗು ಹಿಡಿದು, ಬಾಯಿ ಬಿಟ್ಟಾಗ ಒಳಲೆ ಬಗ್ಗಿಸುವುದು. ಆ ಪುಟ್ಟ ಬೆಳ್ಳಿ ಮೂತಿಯಿಂದ ಹಾಲು ಇಳಿದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

"ಗುಟುಕ್ ಅಂತು ನೋಡು" ಎಂದಳು ಅವ್ವ.

ನುಂಗಿರಲಿಲ್ಲ. ಉಸಿರಿನ ಜೊತೆ ಎಳೆದುಕೊಂಡಿತ್ತು.

ಅಳು ಅರ್ಧಕ್ಕೇ ನಿಂತಿತು. ಬಾಯಿ ತೆರೆದೇ ಇದೆ, ಸದ್ದಿಲ್ಲ. ತುಟಿ ನೇರಳೆಗೆ ತಿರುಗಿತು. ಅಡುಗೆಮನೆಯಿಂದ ಓಡಿಬಂದ ಅಕ್ಕ ಮಗುವನ್ನು ಕಿತ್ತುಕೊಂಡಳು. "ಬೋರಲು ಹಾಕು, ತಲೆ ಕೆಳಗೆ ಮಾಡು!" ಎಂದು ಕಿರುಚಿದೆ, ಕಾಲೇಜಿನಲ್ಲಿ ಅದನ್ನು ರಬ್ಬರ್ ಗೊಂಬೆಯ ಮೇಲೆ ಕಲಿಸಿದ್ದರು. ಅಕ್ಕ ಮುಂಗೈ ಮೇಲೆ ಮಗುವನ್ನು ಬೋರಲು ಹಾಕಿಕೊಂಡು ಅಂಗೈ ಬುಡದಿಂದ ಬೆನ್ನಿಗೆ ಹೊಡೆದಳು. ಮತ್ತೆ ಹೊಡೆದಳು. ಮೂಗಿನಿಂದ ಹಾಲು ಸುರಿಯಿತು. ಆದರೂ ಸದ್ದಿಲ್ಲ. ಅವ್ವ ಅದರ ಪಾದ ಉಜ್ಜುತ್ತ, "ಕೆಮ್ಮೇ ನನ್ನವ್ವ, ಒಂದ್ಸಲ ಕೆಮ್ಮೇ" ಎನ್ನುತ್ತಿದ್ದಳು. ವಾರದಿಂದ ನಿಲ್ಲಲಿ ಎಂದು ಬೇಡಿಕೊಂಡ ಕೆಮ್ಮು ಅದು.

ಕೆಮ್ಮಿತು. ಆಮೇಲೆ ಅತ್ತಿತು.

ಹಿರಿಯೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಆಕ್ಸಿಜನ್ ಹಾಕಿದರು. "ಮೂಗು ಮುಚ್ಚಿದ್ರೆ ಬಾಯಲ್ಲೇ ಉಸಿರೆಳೀತೈತೆ, ಹಾಲು ಶ್ವಾಸಕೋಶಕ್ಕೇ ಹೋಗ್ತೈತೆ ಕಣಮ್ಮ" ಎಂದರು ಡಾಕ್ಟರು. "ಕೆಮ್ಮು ಬಂದ್ರೆ ಹೆದರಬ್ಯಾಡ್ರಿ. ಉಸಿರಿನ ದಾರಿನ ಅದೇ ಗುಡಿಸಿಕೊಳ್ಳೋದು." ಅವ್ವ ತಲೆಯಾಡಿಸಿದಳು.

ಮಗು ಈಗ ಅಂಬೆಗಾಲಿಡುತ್ತದೆ. ಮೊನ್ನೆ ಮತ್ತೆ ಗಂಟೆ ಕೇಳಿಸಿತು. ಅದೇ ಕತ್ತೆ, ಅದೇ ಹೆಂಗಸು. ಅವ್ವ ಒಳಲೆ ತೊಳೆದುಕೊಂಡು ಬಂದಳು.

"ಮೂಗು ಹಿಡಿಯಲ್ಲ ಬಿಡೇ. ಎತ್ಕಂಡೇ ಕುಡಿಸ್ತೀನಿ. ಹಾಲಿಂದೇನು ತಪ್ಪೈತೆ?"

ನಾನು ಹೊಸಿಲಿಗೆ ಅಡ್ಡ ನಿಂತೆ. ಅವಳು ಇನ್ನೇನೋ ಅನ್ನುವಷ್ಟರಲ್ಲಿ ಒಳಗೆ ಮಗು ಒಮ್ಮೆ ಕೆಮ್ಮಿತು. ಇಬ್ಬರೂ ತಿರುಗಿ, ಮುಂದಿನ ಉಸಿರಿಗೆ ಕಾದೆವು.