ರೂಟರ್ ಬದುಕಿಸಿದ ಮೇಷ್ಟ್ರು

ನಮ್ಮ ಮನೆ ಮಾಲೀಕರ ಬಲಗೈ ಹೆಬ್ಬೆರಳು ಮತ್ತು ತೋರುಬೆರಳ ತುದಿಗಳು ಸಾಲ್ಡರಿಂಗ್ ಮಾಡಿ ಮಾಡಿ ಸುಟ್ಟು, ಜಡ್ಡುಗಟ್ಟಿ, ಹುಣಸೆಬೀಜದ ಹಾಗೆ ಕಪ್ಪಗೆ ನುಣುಪಾಗಿದ್ದವು. ಏನನ್ನಾದರೂ ಕೈಗೆತ್ತಿಕೊಳ್ಳುವ ಮೊದಲು ಆ ಎರಡು ಬೆರಳಿನಿಂದ ಅದರ ಅಂಚನ್ನು ಒಮ್ಮೆ ಸವರುತ್ತಿದ್ದರು. ಕಾಫಿ ಲೋಟವಿರಲಿ, ಬಾಗಿಲ ಚಿಲಕವಿರಲಿ, ಮೊದಲು ಸವರಬೇಕು. ಕೈಕೆಲಸದವರ ಅಭ್ಯಾಸ ಇರಬೇಕೆಂದು ನಾನು ಬಹಳ ದಿನ ಅಂದುಕೊಂಡಿದ್ದೆ.

ಹಾಸನದಲ್ಲಿ ಅವರ ಮನೆಯ ಮಹಡಿಯ ಮೇಲೆ ನಾನೂ ನನ್ನ ಗಂಡನೂ ಬಾಡಿಗೆಗಿದ್ದೆವು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡಿ ನಿವೃತ್ತರಾದವರಾದ್ದರಿಂದ ಬೀದಿಯವರಿಗೆಲ್ಲ ಅವರು ಮೇಷ್ಟ್ರು. ಶಾಂತಿಗ್ರಾಮದ ಕಡೆಯ ಒಕ್ಕಲು ಮನೆತನ. ತರಗತಿಯಲ್ಲಿ ಅಚ್ಚುಕಟ್ಟಾದ ಇಂಗ್ಲಿಷ್ ಮಾತಾಡುತ್ತಿದ್ದರಂತೆ. ಮನೆಯಲ್ಲಿ ಮಾತ್ರ ಊರ ಮಾತೇ. ಮಕ್ಕಳಿರಲಿಲ್ಲ. ಅವರ ಹೆಂಡತಿಯನ್ನು ನಾನು ಅಮ್ಮ ಎಂದೇ ಕರೆಯುತ್ತಿದ್ದೆ.

ಬೀದಿಯವರು ಕೆಟ್ಟ ಮಿಕ್ಸಿ, ನಿಂತ ರೇಡಿಯೋ ಹಿಡಿದು ಬರುತ್ತಿದ್ದರು. ಮೇಷ್ಟ್ರು ಅದನ್ನು ಮುಟ್ಟುವ ಮೊದಲು ಬಂದವರನ್ನು ಕೂರಿಸಿ ಕೇಳುತ್ತಿದ್ದರು. "ಆಗಿದ್ದು ಯೋಳು. ನಿಂಗೆ ಅನ್ಸಿದ್ದು ಆಮ್ಯಾಕೆ ಯೋಳೀವಂತೆ." ಜನ ಹೇಳುತ್ತಾ ಹೇಳುತ್ತಾ ತಾವಾಗೇ ತಪ್ಪು ಹಿಡಿದುಬಿಡುವುದೂ ಇತ್ತು. ಆಗ ಮೇಷ್ಟ್ರಿಗೆ ಒಳಗೊಳಗೇ ಬೇಜಾರು, ಬಿಚ್ಚುವ ಕೆಲಸ ತಪ್ಪಿತಲ್ಲ ಎಂದು.

ಎರಡು ಸಾವಿರದ ಮೊದಲ ದಶಕ ಮುಗಿಯುತ್ತಾ ಬಂದಿತ್ತು. ನನ್ನ ಗಂಡ ಹಾಸನ–ಚನ್ನರಾಯಪಟ್ಟಣ ಮಾರ್ಗದ ಖಾಸಗಿ ಬಸ್ಸಿನ ಡ್ರೈವರ್. ಹಿರೀಸಾವೆಗೆ ಮದುವೆ ದಿಬ್ಬಣ ಬಿಟ್ಟು ಬರುವಾಗ ಎದುರಿನಿಂದ ಲಾರಿ ನುಗ್ಗಿ ಅವರ ಸೊಂಟ, ತೊಡೆ ಎರಡೂ ಮುರಿದವು. ಮಲಗಿದವರು ಏಳುವುದು ಯಾವಾಗ ಎಂದು ಯಾವ ಡಾಕ್ಟರೂ ಹೇಳಲಿಲ್ಲ. ಮನೆ ನಡೆಯುತ್ತಿದ್ದದ್ದು ನನ್ನ ಟೈಪಿಂಗಿನಿಂದ. ಹೊರದೇಶದ ಡಾಕ್ಟರುಗಳು ರೋಗಿಗಳ ವಿಷಯ ಮಾತಿನಲ್ಲಿ ಹೇಳಿ ಕಳಿಸುತ್ತಿದ್ದರು. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ಟೈಪು ಮಾಡಿ ವಾಪಸ್ಸು ಕಳಿಸಬೇಕು. ಇಂಟರ್ನೆಟ್ ಇದ್ದದ್ದು ಮೇಷ್ಟ್ರ ಮನೆಯಲ್ಲಿ. ಅವರ ನಡುಮನೆಯ ಗೂಡಿನಲ್ಲಿದ್ದ ರೂಟರಿನ ಸಿಗ್ನಲ್ ನಮ್ಮ ಕೋಣೆಯವರೆಗೂ ಬರುತ್ತಿತ್ತು.

ಆ ಮಳೆಗಾಲದಲ್ಲಿ ಲೈನು ಬಿಟ್ಟು ಬಿಟ್ಟು ಬರತೊಡಗಿತು. ನನ್ನ ಕೆಲಸ ತಡವಾಗಿ ಹೋಯಿತು, ಮತ್ತೊಮ್ಮೆಯೂ ತಡವಾಯಿತು. ಬೆಂಗಳೂರಿನಿಂದ ಮೇಲ್ವಿಚಾರಕಿ ಫೋನು ಮಾಡಿದಳು. "ಇನ್ನೊಂದ್ಸಲ ಲೇಟಾದ್ರೆ ನಿಮ್ಮ ಐಡಿ ಕ್ಲೋಸ್ ಮಾಡ್ತಾರೆ ಮೇಡಂ. ನನ್ನ ಕೈಲೇನಿಲ್ಲ."

ಮೇಷ್ಟ್ರಿಗೆ ಹೇಳಿದೆ. ಅವರು ಸಹಾಯವಾಣಿಗೆ ಫೋನು ಹಚ್ಚಿದರು. ರೂಟರಿಗೆ ಹೊಸ ಫರ್ಮ್‌ವೇರ್ ಹಾಕಿ, ಸರಿಹೋಗುತ್ತದೆ ಎಂದು ಆ ಕಡೆಯವನು ಫೈಲಿನ ಹೆಸರನ್ನೂ ಕೊಟ್ಟ. ಫರ್ಮ್‌ವೇರ್ ಅಂದರೆ ರೂಟರಿನೊಳಗೆ ಕೂತು ಅದನ್ನು ನಡೆಸುವ ತಂತ್ರಾಂಶ. ಅದು ಹೋದರೆ ಉಳಿಯುವುದು ಬರೀ ಪ್ಲಾಸ್ಟಿಕ್ ಡಬ್ಬಿ. ಬೆಳಿಗ್ಗೆ ತಿಂಡಿಯಾದ ಮೇಲೆ ಮೇಷ್ಟ್ರು ತಮ್ಮ ಕಂಪ್ಯೂಟರಿನ ಮುಂದೆ ನನ್ನನ್ನೇ ಕೂರಿಸಿ, ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ಪರದೆಯ ಮೇಲಿನ ನೀಲಿ ಪಟ್ಟಿ ಅರ್ಧ ತುಂಬಿತ್ತು. ಕರೆಂಟು ಹೋಯಿತು.

ಕಂಪ್ಯೂಟರು ಬ್ಯಾಟರಿಯ ಯುಪಿಎಸ್ ಮೇಲಿತ್ತು, ಉಳಿಯಿತು. ರೂಟರಿನ ಪ್ಲಗ್ಗು ಗೋಡೆಯಲ್ಲಿತ್ತು. ಕರೆಂಟು ಬಂದ ಮೇಲೆ ನೋಡಿದರೆ ರೂಟರಿನಲ್ಲಿ ಒಂದೇ ಒಂದು ಕೆಂಪು ದೀಪ. ಮಿಣುಕಲಿಲ್ಲ, ಆರಲೂ ಇಲ್ಲ.

ಮೇಲೆ ನಮ್ಮ ಕೋಣೆಯಲ್ಲಿ ಟೈಪಾದ ಕೆಲಸವೆಲ್ಲ ಸಿದ್ಧವಾಗಿ ಕೂತಿತ್ತು. ಸಂಜೆ ಆರರೊಳಗೆ ಹೋಗಬೇಕು. ಬ್ರೌಸಿಂಗ್ ಸೆಂಟರಿನಿಂದ ಕಳಿಸುವ ಹಾಗಿಲ್ಲ; ರೋಗಿಗಳ ಗುಟ್ಟಿನ ವಿಷಯವಾದ್ದರಿಂದ ನನ್ನ ಕಂಪ್ಯೂಟರೊಂದರಿಂದಲೇ ಹೋಗುವಂತೆ ಕಂಪನಿಯವರು ಕಟ್ಟಿಹಾಕಿದ್ದರು. ಹೊಸ ರೂಟರಿಗೆ ಅಂಗಡಿಗಳಿಗೆ ಫೋನು ಮಾಡಿದೆ. ಎಲ್ಲರದೂ ಒಂದೇ ಉತ್ತರ, ಬೆಂಗಳೂರಿಂದ ತರಿಸಬೇಕು, ಸೋಮವಾರ ಬನ್ನಿ.

"ಅಡಾಪ್ಟರ್ ಸುಟ್ಟಿರಬೌದು, ತಡಿ" ಎಂದು ಮೇಷ್ಟ್ರು ಹಳೆಯ ಅಡಾಪ್ಟರುಗಳ ಟ್ರಂಕು ಎಳೆದುಕೊಂಡರು. ಕೈಯಾಡಿಸಿ ಒಂದನ್ನು ಆರಿಸಿ, ರೂಟರಿಗೆ ಸಿಕ್ಕಿಸಿ, ಗೋಡೆಯ ಸ್ವಿಚ್ಚಿಗೆ ಕೈ ಹಾಕಿದರು. ಅಡಾಪ್ಟರಿನ ಮೇಲಿನ ದಪ್ಪ ಅಕ್ಷರ ನನ್ನ ಕಣ್ಣಿಗೆ ಬಿತ್ತು.

"ಸಾರ್, ಬೇಡ! ಅದು ಇಪ್ಪತ್ನಾಲ್ಕು ವೋಲ್ಟು!"

ರೂಟರಿಗೆ ಬೇಕಾದದ್ದು ಹನ್ನೆರಡು. ಸ್ವಿಚ್ಚು ಒತ್ತಿದ್ದರೆ ಉಳಿದ ಜೀವವೂ ಸುಟ್ಟುಹೋಗುತ್ತಿತ್ತು. ಮೇಷ್ಟ್ರು ಅಡಾಪ್ಟರನ್ನು ಎಡಗಣ್ಣಿನ ಹತ್ತಿರಕ್ಕೆ ತಂದು, ಓರೆ ಮಾಡಿ, ದೂರ ಹಿಡಿದು, ಮತ್ತೆ ಹತ್ತಿರ ತಂದರು. ಆಮೇಲೆ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಅಡಿಗೆಮನೆಯಲ್ಲಿ ಅಮ್ಮ ಕುಕ್ಕರಿಟ್ಟಿದ್ದರು.

"ಆ ಬಾಗ್ಲು ಮುಂದುಕ್ಕಾಕು" ಎಂದರು. ಮುಂದಕ್ಕೆ ಹಾಕಿದೆ.

"ನಂಗೆ ಕಾಣಕಿಲ್ಲ ಕಣವ್ವ. ಬಲಗಣ್ಣು ಪೂರ್ತಿ ಓಗ್ಬುಟ್ಟದೆ. ಎಡದ್ರಲ್ಲಿ ಕೊಳವೆ ಒಳಗಿಂದ ನೋಡ್ದಂಗೆ ಒಂಚೂರು ಕಾಣ್ತದೆ."

"ಅಮ್ಮಂಗೆ ಗೊತ್ತಾ ಸಾರ್?"

"ಗೊತ್ತಿಲ್ಲ. ಗೊತ್ತಾಗ್ಕೂಡ್ದು. ಅವಳು ಅರಕಲಗೂಡ್ನಲ್ಲಿ ಕುರುಡ ಅಪ್ಪನ್ನ ಕೈ ಹಿಡ್ಕಂಡು ನಡ್ಸೇ ದೊಡ್ಡೋಳಾದೋಳು. ಇನ್ನು ನನ್ನೂ ನಡೆಸ್ಲಾ? ಬ್ಯಾಡ."

ನನಗೆ ಅಳು ತಡೆಯಲಾಗಲಿಲ್ಲ. ಅವರ ಕಣ್ಣಿಗೋ, ನನ್ನ ಸಂಜೆಗೋ, ಮೇಲೆ ಮಲಗಿದ್ದವರಿಗೋ ಗೊತ್ತಿಲ್ಲ. ನಾನು ಅತ್ತು ಮುಗಿಸುವವರೆಗೂ ಮೇಷ್ಟ್ರು ಕಾದರು. ಆಮೇಲೆ, "ಏಳು. ನೀನು ನೋಡು, ನಾನು ಯೋಳ್ತೀನಿ" ಎಂದರು.

ರೂಟರಿನ ಮೊದಲಿನ ಅಡಾಪ್ಟರನ್ನೇ ಹಾಕಿಸಿದರು. ರೂಟರಿಗೂ ಕಂಪ್ಯೂಟರಿಗೂ ನಡುವೆ ತಂತಿ ಎಳೆಸಿದರು. ರೂಟರು ತಾನಾಗಿ ನೆಟ್‌ವರ್ಕಿನ ಅಂಕಿ-ವಿಳಾಸ ಕೊಡುವ ಸ್ಥಿತಿಯಲ್ಲಿಲ್ಲ ಎಂದು ಕಂಪ್ಯೂಟರಿಗೆ ಒಂದು ವಿಳಾಸವನ್ನು ಕೈಯಾರೆ ಬರೆಸಿದರು. ಹಿಂಬದಿಯ ಸಣ್ಣ ತೂತಿಗೆ ಸೇಫ್ಟಿಪಿನ್ ಚುಚ್ಚಿ ಹಿಡಿದು, ಹಾಗೇ ಸ್ವಿಚ್ಚು ಹಾಕಿ, ಹತ್ತು ಎಣಿಸಿ ಬಿಡಬೇಕು.

"ಒಳಗಡೆ ಒಂದು ಚಿಕ್ಕ ಪ್ರೋಗ್ರಾಮು ಬ್ಯಾರೆ ಇರ್ತದೆ. ಮೇಲಿಂದು ಹಾಳಾದ್ರೂ ಅದು ಬದುಕಿರ್ಬೇಕು. ಬದುಕಿದ್ರೆ ಬಾಗ್ಲು ತೆಗೀತದೆ."

ಮೊದಲ ಸಲ ತೆಗೆಯಲಿಲ್ಲ. ಪಿನ್ನು ಜಾರಿತ್ತು. ಮತ್ತೆ ಹಿಡಿದೆ. ಪರದೆಯ ಮೇಲೆ ಬೋಳು ಬಿಳಿ ಪುಟವೊಂದು ತೆರೆದುಕೊಂಡಿತು. ಅದರಲ್ಲಿದ್ದದ್ದು ಫೈಲು ಆರಿಸುವ ಗುಂಡಿ, ಅಷ್ಟೆ. ಬೆಳಗಿನ ಫೈಲನ್ನು ಕೊಟ್ಟೆ. ಸ್ವಲ್ಪ ಹೊತ್ತು ಕಾದು, ತಿರಸ್ಕರಿಸಿತು.

"ಸಾರ್, ಮುಗೀತು, ಆಗಲ್ಲ ಇದು" ಎಂದೆ.

"ಮುಗೀತು ಅನ್ನೋದು ನಿನ್ನ ಮಾತು. ಪರದೆ ಮ್ಯಾಲೆ ಏನು ಬರ್ದದೆ, ಅದ ಓದು."

ಓದಿದೆ. ಫೈಲು ಈ ಯಂತ್ರದ್ದಲ್ಲ ಎಂದಿತ್ತು. ರೂಟರನ್ನು ಬೋರಲು ಹಾಕಿ ಅಡಿಯ ಚೀಟಿ ಓದು ಎಂದರು. ಸಾಸಿವೆ ಕಾಳಿನಷ್ಟು ಅಕ್ಷರ. ಮಾದರಿ ಅದೇ, ಆದರೆ ಕೊನೆಯಲ್ಲಿ 'ಬಿ' ಎಂಬ ಅಕ್ಷರವಿತ್ತು. ಫೈಲಿನ ಹೆಸರಿನಲ್ಲಿ 'ಎ'. ಸಹಾಯವಾಣಿಯವನು ಕೊಟ್ಟದ್ದೇ ಬೇರೆ ರೂಟರಿನ ಔಷಧಿ.

ಸರಿಯಾದ ಫೈಲು ಇಂಟರ್ನೆಟ್ಟಿನಲ್ಲಿತ್ತು. ನಮಗೆ ಇಂಟರ್ನೆಟ್ ಇರಲಿಲ್ಲ. ಪೆನ್‌ಡ್ರೈವ್ ಮುಷ್ಟಿಯಲ್ಲಿ ಹಿಡಿದು ಬಸ್‌ಸ್ಟ್ಯಾಂಡ್ ಹತ್ತಿರದ ಬ್ರೌಸಿಂಗ್ ಸೆಂಟರಿಗೆ ಓಡಿದೆ. ಅಲ್ಲಿ ಪರೀಕ್ಷೆಯ ಫಲಿತಾಂಶ ನೋಡುವವರ ಸಾಲು. ನನ್ನ ಸರದಿ ಬಂದು, ಫೈಲು ಇಳಿದು, ಮನೆ ಸೇರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಮೆಟ್ಟಿಲ ಬುಡದಲ್ಲಿ ನನ್ನ ಹೆಜ್ಜೆ ಕೇಳಿ ಮೇಲಿನಿಂದ ಗಂಡ ಕೂಗಿದರು, "ಬಂತಾ?"

"ಇನ್ನೂ ಇಲ್ಲ ರೀ."

ಮೆಟ್ಟಿಲು ಹತ್ತದೆ ಮೇಷ್ಟ್ರ ನಡುಮನೆಗೆ ನುಗ್ಗಿದೆ.

ಈ ಸಲ ಮೇಷ್ಟ್ರು ರೂಟರನ್ನೂ ಯುಪಿಎಸ್‌ಗೇ ಹಾಕಿಸಿದರು. ಪಿನ್ನು ಹಿಡಿದೆ, ಬಿಳಿ ಪುಟ ಬಂತು, ಫೈಲು ಕೊಟ್ಟೆ. ಪಟ್ಟಿ ತುಂಬಲು ಶುರುವಾದದ್ದೇ ಕರೆಂಟು ಮತ್ತೆ ಹೋಯಿತು. ಯುಪಿಎಸ್ ಕುಯ್ ಕುಯ್ ಎನ್ನತೊಡಗಿತು. ಅದರ ಬ್ಯಾಟರಿ ಹಳೆಯದು. ಎಷ್ಟು ಹೊತ್ತು ತಾಳುತ್ತದೋ ಯಾರಿಗೂ ಗೊತ್ತಿಲ್ಲ.

"ಮಾನಿಟರ್ ಆರ್ಸು!"

"ಏನಾಗ್ತಿದೆ ಅಂತ ಗೊತ್ತಾಗಲ್ಲವಲ್ಲ ಸಾರ್?"

"ಅದೇ ಜಾಸ್ತಿ ಕರೆಂಟು ಕುಡಿಯೋದು. ಆರ್ಸು, ಬ್ಯಾಟ್ರಿ ಉಳೀಲಿ."

ಆರಿಸಿದೆ. ಪರದೆ ಕಪ್ಪಾಯಿತು. ಈಗ ನನಗೂ ಏನೂ ಕಾಣದು. ಮೇಷ್ಟ್ರು ಅಂಗೈಯನ್ನು ಯುಪಿಎಸ್ ಮೇಲೆ ಊರಿ ಕಣ್ಣು ಮುಚ್ಚಿಕೊಂಡಿದ್ದರು. "ದೀಪ ಯೋಳ್ತಾ ಓಗು" ಎಂದರು.

"ಕೆಂಪು, ಸಾರ್... ಕೆಂಪೇ... ಮಿಣುಕ್ತಿದೆ... ಈಗ ಜೋರಾಗಿ ಮಿಣುಕ್ತಿದೆ..."

"ಮುಟ್ಬ್ಯಾಡ."

"ಆರಿಹೋಯ್ತು ಸಾರ್! ಎಲ್ಲಾ ಆರಿಹೋಯ್ತು!"

ಮೇಷ್ಟ್ರು ಅಂಗೈಯನ್ನು ಯುಪಿಎಸ್ ಮೇಲೆ ಇನ್ನಷ್ಟು ಒತ್ತಿದರು. "ತಡಿ. ಮುಟ್ಬ್ಯಾಡ, ತಡಿ."

ಯುಪಿಎಸ್ ಇನ್ನೂ ಕೂಗುತ್ತಿತ್ತು. ಆಮೇಲೆ ಮೊದಲ ದೀಪ ಹಸಿರಾಗಿ ಹತ್ತಿಕೊಂಡಿತು. ಅದರ ಹಿಂದೆ ಇನ್ನೊಂದು.

"ಹಸಿರು" ಎಂದೆ. ಅವರು ಮತ್ತೆ ಹೇಳಿಸಿದರು.

ಕರೆಂಟು ಬಂದಾಗ ಐದು ಹೊಡೆದಿತ್ತು. ಇನ್ನು ಅಳಿಸಿಹೋದ ಸೆಟ್ಟಿಂಗುಗಳನ್ನು ತುಂಬಬೇಕು. ಲೈನಿನ ಸಂಖ್ಯೆಗಳು, ಸಂಪರ್ಕದ ಹೆಸರು, ಅದರ ಗುಟ್ಟಿನ ಪದ, ಎಲ್ಲವನ್ನೂ ಮೇಷ್ಟ್ರು ಬಾಯಲ್ಲೇ ಹೇಳಿದರು. ಮೇಲಿನ ಕಂಪ್ಯೂಟರು ಗುರುತು ಹಿಡಿಯಲೆಂದು ವೈಫೈಗೆ ಹಳೆಯ ಹೆಸರನ್ನೇ ಇಡಿಸಿದರು. ಹಿಂದೆ ನನ್ನ ಕಂಪ್ಯೂಟರಿಗೆ ಅವರೇ ಹಾಕಿಕೊಟ್ಟಿದ್ದ ವೈಫೈನ ಪಾಸ್‌ವರ್ಡಿಗೆ ಬಂದಾಗ ಅಡಿಗೆಮನೆಯ ಕಡೆ ಕಿವಿಗೊಟ್ಟು, ದನಿ ತಗ್ಗಿಸಿ ಒಂದೊಂದೇ ಅಕ್ಷರ ಹೇಳಿದರು. ಅಮ್ಮನನ್ನು ತವರಿನಲ್ಲಿ ಕರೆಯುತ್ತಿದ್ದ ಮುದ್ದಿನ ಹೆಸರು ಅದು.

ಮೆಟ್ಟಿಲು ಹತ್ತಿದ ನೆನಪೇ ನನಗಿಲ್ಲ. ಆರಕ್ಕೆ ಸ್ವಲ್ಪ ಮುಂಚೆ ಕೊನೆಯ ಫೈಲು ಹೋಯಿತು. ಗಂಡ ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡರು. ಅವರ ಭುಜ ಅಲುಗುತ್ತಿತ್ತು.

ಕೆಳಗೆ ಬಂದು "ಹೋಯ್ತು ಸಾರ್" ಎಂದೆ. ಮೇಷ್ಟ್ರು ಕೂತಲ್ಲೇ ಇದ್ದರು.

"ಸರಿ. ಅವಳಿಗೆ ಯೋಳ್ಬ್ಯಾಡ."

"ನೀವೇ ಹೇಳಿ ಸಾರ್. ಬೆಳಿಗ್ಗೆವರೆಗೂ ಕಾಯ್ತೀನಿ. ಇಲ್ದಿದ್ರೆ ನಾನೇ ಹೇಳ್ತೀನಿ."

"ನನ್ ಮನೇಲಿದ್ಕಂಡು ನಂಗೇ ಯೋಳಕ್ಕೆ ಬತ್ತೀಯಾ?"

ಅಂಥ ಮಾತು ಅವರ ಬಾಯಿಂದ ನಾನು ಕೇಳಿರಲಿಲ್ಲ. ಆದರೆ ಇಪ್ಪತ್ನಾಲ್ಕು ವೋಲ್ಟಿನ ಅಡಾಪ್ಟರು ನನ್ನ ಕಣ್ಣ ಮುಂದಿನಿಂದ ಹೋಗಿರಲಿಲ್ಲ. ನಾಳೆ ಅವರ ಕೈ ಯಾವುದರ ಮೇಲೆ ಬೀಳುತ್ತದೋ. ಬೆಳಿಗ್ಗೆಯಾದರೂ ಅವರು ಹೇಳಲಿಲ್ಲ. ಅವರು ಸ್ನಾನಕ್ಕೆ ಹೋದಾಗ ನಾನು ಅಮ್ಮನಿಗೆ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದ ಮೊರವನ್ನು ನೆಲಕ್ಕಿಟ್ಟು, ಬಚ್ಚಲಮನೆಯ ಬಾಗಿಲ ಹೊರಗೆ ಹೋಗಿ ನಿಂತರು. ಮೇಷ್ಟ್ರು ಹೊರಬರುವವರೆಗೂ ಅಲ್ಲಾಡಲಿಲ್ಲ.

ಕಣ್ಣಿನ ಡಾಕ್ಟರು ನೋಡಿ, ಹೋದ ದೃಷ್ಟಿ ಬರುವುದಿಲ್ಲ ಎಂದರು. ಇಷ್ಟು ತಡ ಯಾಕೆ ಮಾಡಿದಿರಿ ಎಂದು ರೇಗಿದರಂತೆ. ಎಡಗಣ್ಣಿನಲ್ಲಿ ಉಳಿದದ್ದನ್ನು ಮಾತ್ರ ದಿನವೂ ಹನಿ ಹಾಕಿ ಕಾಯಬಹುದು.

ಮೇಷ್ಟ್ರು ನನ್ನ ಜೊತೆ ಮಾತು ಬಿಟ್ಟರು. ನಾನು ಅಂಗಳಕ್ಕೆ ಇಳಿದರೆ ಅವರು ಗೋಡೆ ತಡವಿಕೊಂಡು ಒಳಗೆ ಹೋಗುತ್ತಿದ್ದರು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಮೆಟ್ಟಿಲ ಬುಡದಿಂದ ಅವರ ದನಿ ಕೇಳಿತು. "ಏನವ್ವಾ, ಲೈನು ಬಿಟ್ಟು ಬಿಟ್ಟು ಬತ್ತಾದೆ. ಬಂದು ದೀಪ ನೋಡು."

ಲೈನು ಚೆನ್ನಾಗಿಯೇ ಇತ್ತು. ನಾನು ಇಳಿದು ಹೋಗಿ ದೀಪಗಳನ್ನೆಲ್ಲ ಒಂದೊಂದಾಗಿ ಹೇಳಿದೆ.

ಗಂಡ ಕೋಲೂರಿ ನಡೆಯುವಂತಾಗಿ, ಚನ್ನರಾಯಪಟ್ಟಣದಲ್ಲಿ ಬುಕಿಂಗ್ ಕೌಂಟರಿನ ಕೆಲಸ ಸಿಕ್ಕಿ, ನಾವು ಅಲ್ಲಿಗೆ ಹೋದೆವು. ಕೆಲವು ವರ್ಷಗಳ ಮೇಲೆ ಮೇಷ್ಟ್ರು ಎದೆನೋವಿನಿಂದ ತೀರಿಕೊಂಡರು. ನಾನು ಬಸ್ಸು ಹಿಡಿದು ಶಾಂತಿಗ್ರಾಮದ ಅವರ ಹೊಲಕ್ಕೆ ತಲುಪುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಅಮ್ಮ ಬದುವಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತೆ.

"ನಿನ್ನ ಬಯ್ತಲೇ ಇದ್ರು ಕಣವ್ವ" ಎಂದರು ಅಮ್ಮ. "ಕಣ್ಣಿಗೆ ಹನಿ ಹಾಕೋವಾಗ್ಲೆಲ್ಲ ಬಯ್ಯೋರು, ಯೋಳ್ಬ್ಯಾಡ ಅಂದ್ರೂ ಯೋಳ್ಬುಟ್ಲು ಅಂತ. ಬಯ್ದಾದ ಮ್ಯಾಲೆ ನನ್ನ ಮುಖ ಇಷ್ಟ್ ಹತ್ರ ಎಳ್ಕಂಡು ನೋಡೋರು. ಅವಳು ಯೋಳ್ದೆ ಇದ್ದಿದ್ರೆ ಇದೂ ಕಾಣ್ತಿರ್ಲಿಲ್ಲ ಕಣೇ, ಅನ್ನೋರು."