ಕಛೇರಿಗೆ ಜೊತೆಗೆ ಬರುವ ನನ್ನ ಬಲಗೈ

ಸಂಗೀತ ಕಛೇರಿಗೆ ಬೇರೆಯವರು ಕಿವಿ ಹೊತ್ತು ಬರುತ್ತಾರೆ. ನನ್ನ ಜೊತೆ ಬಲಗೈಯೂ ಬರುತ್ತದೆ, ಬಂದರೆ ಸುಮ್ಮನಿರುವುದಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅರಕಲಗೂಡಿನ ನಮ್ಮ ರಾಗಿ ಮಿಲ್ಲಿಗೆ ನಿಂತವನು ನಾನು. ಕಾಳು ಸಿಕ್ಕಿಕೊಳ್ಳದೆ ಇಳಿಯಲೆಂದು ಯಂತ್ರದ ಮೇಲಿನ ತಗಡಿನ ಬುಟ್ಟಿಗೆ ತಟ್ಟುತ್ತಲೇ ಇರಬೇಕು. ಆ ತಟ್ಟು ಕೈಗೆ ಅಂಟಿಬಿಟ್ಟಿದೆ. ಹಾಡು ಶುರುವಾದರೆ ತೊಡೆಯೇ ತಗಡಾಗುತ್ತದೆ. ಅದನ್ನು ನಾನು ತಾಳವೆಂದು ನಂಬಿದ್ದೆ.

ಕಳೆದೊಂದು ವರ್ಷದಲ್ಲಿ ಕೇಳಿದ್ದರಲ್ಲಿ ಹಾಸನದ ರಾಮನವಮಿ ಚಪ್ಪರದ ಕೊಳಲು ನನಗೆ ಬಹಳ ಹಿಡಿಸಿತು. ಬಲಗೈಯಲ್ಲಿ ಪಾನಕದ ಲೋಟವಿದ್ದುದರಿಂದ ಕೊಳಲಿನವರಿಗೂ ಅಂದು ಹಿತವಾಗಿದ್ದಿರಬೇಕು. ಚನ್ನರಾಯಪಟ್ಟಣದ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾವೂ ಚೆನ್ನಾಗಿತ್ತು. ಆ ಸ್ಪೀಕರುಗಳ ಮುಂದೆ ನನ್ನ ಕೈಯನ್ನು ಕೇಳುವವರಾರು? ರಾಮನಾಥಪುರದಲ್ಲಿ ಮಾತ್ರ ಪಿಟೀಲಿನವರು ನುಡಿಸುವುದು ನಿಲ್ಲಿಸಿ, "ಆ ನೀಲಿ ಶರ್ಟಿನೋರು ಸ್ವಲ್ಪ ಹಿಂದಕ್ಕೆ ಕೂತ್ಕೊಳಿ ಸಾ" ಎಂದು ಮೈಕಿನಲ್ಲೇ ಹೇಳಿದರು. ಯಾರಪ್ಪ ಆ ನೀಲಿ ಶರ್ಟು ಎಂದು ನಾನೂ ತಿರುಗಿ ನೋಡಿದೆ.

ಹೀಗಿರುವಾಗ ಹೊಳೆನರಸೀಪುರಕ್ಕೆ ಕೊಟ್ಟ ನನ್ನ ತಂಗಿ ಪದ್ಮಳ ಮೊದಲ ಕಛೇರಿ ಬಂತು.

"ನೀ ಬರ್ಲೇಬೇಕು ಕಣಣ್ಣ. ನಿನ್ ಕೈ ಮಾತ್ರ ಬರಂಗಿಲ್ಲ. ಅದ್ನ ನೋಡುದ್ರೆ ನಂಗೆ ತಾಳ ತಪ್ಪೋಯ್ತದೆ. ನಮ್ಮತ್ತೆ ಕಡೆಯೋರೆಲ್ಲ ಬತ್ತಾರೆ" ಎಂದಳು.

"ಮಿಲ್ಲಲ್ಲೇ ಬಿಟ್ಬುಟ್ಟು ಬತ್ತೀನಿ ಕಣವ್ವ" ಎಂದೆ.

ಅವಳು ನಂಬಲಿಲ್ಲ. ವೇದಿಕೆ ಹತ್ತುವ ಮುಂಚೆ ತನ್ನ ಕೂಸನ್ನು ನನ್ನ ಮಡಿಲಿಗೆ ಹಾಕಿ, "ಎತ್ಕೊಂಡಿರು. ಎರಡು ಕೈಗೂ ಕೆಲ್ಸ ಆಯ್ತು" ಎಂದಳು. ತಾಯಿ ಕಾಣದಿದ್ದರೆ ಕೂಸು ಅಳುತ್ತದೆಂದು ಮುಂದಿನ ಸಾಲಿನಲ್ಲೇ ಕೂರಿಸಿದಳು.

ಮೊದಲ ಹಾಡು ಸೊಗಸಾಗಿ ಮುಗಿಯಿತು. ಎರಡನೆಯದರ ನಡುವೆ ಕೂಸು ಮುಲುಗುಟ್ಟಿತು. ಮೆಲ್ಲಗೆ ಬೆನ್ನು ತಟ್ಟಿದೆ, ಸುಮ್ಮನಾಯಿತು. ನಿಲ್ಲಿಸಿದೆ, ಬಾಯಿ ತೆರೆಯಿತು. ತಟ್ಟಿದರೆ ತಂಗಿಯ ತಾಳ ಹೋಗುತ್ತದೆ, ಬಿಟ್ಟರೆ ಕಛೇರಿಯೇ ಹೋಗುತ್ತದೆ. ಬೆವರುತ್ತ ತಟ್ಟಿದೆ. ಕೈಗೆ ಗೊತ್ತಿದ್ದುದು ಒಂದೇ ವೇಗ, ರಾಗಿ ಬೀಸುವುದು.

ಪದ್ಮ ನೋಡಿಯೇಬಿಟ್ಟಳು. ತಾಳ ಹಾಕುತ್ತಿದ್ದ ಅವಳ ಕೈ ಗಾಳಿಯಲ್ಲೇ ತಡವರಿಸಿತು. ನಾನು ಹುಬ್ಬಿನಲ್ಲೇ ಕೂಸನ್ನು ತೋರಿಸಿದೆ. ಅವಳು ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಮಂಗಳದವರೆಗೂ ತೆರೆಯಲಿಲ್ಲ. ತಾಳವೂ ತಪ್ಪಲಿಲ್ಲ.

ಕೆಳಗಿಳಿದಾಗ ಅವಳ ಅತ್ತೆ ಕಣ್ಣೊರೆಸಿಕೊಳ್ಳುತ್ತ, "ಏನ್ ಭಕ್ತಿ ನಮ್ ಸೊಸೇದು! ದೇವ್ರೇ ಮುಂದ್ಗಡೆ ಬಂದು ಕೂತಂಗೆ ಕಣ್ ಮುಚ್ಕೊಂಡ್ಬುಟ್ಳು" ಎಂದರು.

ಪದ್ಮ ನನ್ನ ಕಡೆ ನೋಡಿ, "ಊ ಕಣತ್ತೆ, ಮುಂದ್ಗಡೆನೇ ಕೂತಿದ್ದ" ಎಂದಳು.

ವರ್ಷದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕಛೇರಿ ಅದೇ. ಈಗ ಯಾರಾದರೂ ವಿದ್ವಾಂಸರು ಮೈಮರೆತು ಕಣ್ಣು ಮುಚ್ಚಿದರೆ ಸುತ್ತಲಿನವರು ತಲೆದೂಗುತ್ತಾರೆ. ನಾನು ಮಾತ್ರ ಮೊದಲು ನನ್ನ ಬಲಗೈ ಏನು ಮಾಡುತ್ತಿದೆ ಎಂದು ನೋಡಿಕೊಳ್ಳುತ್ತೇನೆ.