ಹೆಪ್ಪುಗಟ್ಟಿದ ಕಡಲಿಗೆ ನೌಯಾ ಮುಂದಾಳು

ಏಪ್ರಿಲ್ ತಿಂಗಳ ನಸುಕು. ಸೂರ್ಯ ಆಗಲೇ ಎದ್ದು ಕೂತಿದ್ದಾನೆ, ಕೆನಡಾದ ಉತ್ತರ ತುದಿಯ ನುವುಕ್ ಊರು ಮಾತ್ರ ಇನ್ನೂ ಎದ್ದಿಲ್ಲ. ಹೆಪ್ಪುಗಟ್ಟಿದ ಕಡಲ ಮೇಲೆ ಮಂಡಿಯೂರಿ ನೌಯಾ ಕಮುಟಿಕ್‌ನ ಹಗ್ಗ ಬಿಗಿಯುತ್ತಿದ್ದಾರೆ. ಹಿಮಬೈಕಿನ ಹಿಂದೆ ಎಳೆಯುವ ಉದ್ದನೆಯ ಮರದ ಜಾರುಗಾಡಿ ಅದು. ಒಂದೂ ಮೊಳೆಯಿಲ್ಲ, ಎಲ್ಲ ಹಗ್ಗದ ಕಟ್ಟು. ಮೊಳೆ ಹೊಡೆದ ಗಾಡಿ ಮಂಜಿನ ಉಬ್ಬುತಗ್ಗಿಗೆ ಬಾಗದೆ ಸೀಳಿಹೋಗುತ್ತದೆ. ಕೈಗವಸು ಹಾಕಿಕೊಂಡರೆ ಗಂಟು ಬೀಳದು, ತೆಗೆದರೆ ಬೆರಳು ಉಳಿಯದು. ಹಾಗಾಗಿ ಒಂದು ಗಂಟು ಹಾಕುವುದು, ಕೈಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುವುದು, ಮತ್ತೆ ಇನ್ನೊಂದು ಗಂಟು.

ಮೈಮೇಲೆ ಗಡಿ ಕಾಯುವ ಊರವರ ರೇಂಜರ್ ದಳದ ಕೆಂಪಂಗಿ, ಅದರ ಮೇಲೆ ತಾಯಿ ಹೊಲಿದುಕೊಟ್ಟ ಹಿಮಸಾರಂಗದ ಚರ್ಮದ ನಿಲುವಂಗಿ. ಕೆನಡಾ ಸೈನ್ಯದ ಲೆಕ್ಕದಲ್ಲಿ ಮೂವತ್ತನಾಲ್ಕರ ಈಕೆ ಸಾರ್ಜೆಂಟ್. ಊರಿನ ಲೆಕ್ಕದಲ್ಲಿ ಸಹಕಾರಿ ಅಂಗಡಿಯಲ್ಲಿ ಹಿಟ್ಟು, ಚಹಾಪುಡಿ, ಡೈಪರು ಜೋಡಿಸುವ ನೌಯಾ. ದೇಶದ ಉತ್ತರದ ತುದಿಯನ್ನು ಕಾಯುವವರು ಯಾರೆಂದು ದಕ್ಷಿಣದ ಪಟ್ಟಣಗಳಲ್ಲಿ ಕೇಳಿ ನೋಡಿ, ಜನ ಯುದ್ಧವಿಮಾನದ ಹೆಸರು ಹೇಳಿಯಾರೇ ಹೊರತು ಇವರ ಹೆಸರು ಹೇಳಲಾರರು. ಎಲೆಮರೆಯ ಕಾಯಿ ಎನ್ನೋಣವೆಂದರೆ ಈ ಊರಲ್ಲಿ ಮರವೇ ಇಲ್ಲ.

ಈ ವರ್ಷದ ಮೊದಲ ಗಸ್ತಿಗೆ ಇವತ್ತು ದಳ ಹೊರಡುತ್ತದೆ. ಊರಿನ ಐವರು ರೇಂಜರುಗಳು, ದಕ್ಷಿಣದಿಂದ ಬಂದ ಮೂವರು ಸೈನಿಕರು. ಭೂಶಿರದ ತುದಿಯಲ್ಲಿ ಆಳಿಲ್ಲದೆ ನಿಂತಿರುವ ರೇಡಾರ್ ಠಾಣೆಯ ಬೀಗ, ಬಾಗಿಲು ನೋಡಿ ಬರಬೇಕು. ದಾರಿಯಲ್ಲಿ ಗುರುತಿಲ್ಲದ ಜಾಡೋ ಹಡಗೋ ಕಂಡರೆ ರೇಡಿಯೊದಲ್ಲಿ ತಿಳಿಸಬೇಕು. ಇಷ್ಟಕ್ಕೆ ದೇಶ ಕಾಯುವುದು ಎನ್ನುತ್ತಾರೆಯೇ ಎಂದರೆ ನೌಯಾ ನಗುತ್ತಾರೆ.

"ಬಾವುಟ ನೆಟ್ಟು ಬಂದ್ರೆ ಮೂರೇ ದಿನಕ್ಕೆ ಗಾಳಿ ಹರ್ಕೊಂಡು ಹೋಗತ್ತೆ. ನಾವು ಅಲ್ಲಿ ಟೆಂಟ್ ಹಾಕ್ತೀವಿ, ಚಹಾ ಕಾಯಿಸ್ತೀವಿ, ಮೀನು ಹಿಡೀತೀವಿ. ಮನೆ ಅಂದ್ಮೇಲೆ ಜನ ಓಡಾಡ್ತಾ ಇರ್ಬೇಕು ತಾನೇ? ಇಲ್ದಿದ್ರೆ ಯಾರು ಬೇಕಾದ್ರೂ ಖಾಲಿ ಮನೆ ಅಂದ್ಕೊಂಡು ಒಳಗೆ ಬರ್ತಾರೆ."

ಅಷ್ಟರಲ್ಲಿ ಒಂದು ಹಿಮಬೈಕು ಗುಡುಗುತ್ತ ಬಂದು ಸಾಲಿನ ಮುಂದೆ ನಿಲ್ಲುತ್ತದೆ. ಕವ್ವಿಕ್ ಅಜ್ಜ. ವಯಸ್ಸು ಎಪ್ಪತ್ತೆರಡು. ರೇಂಜರುಗಳಿಗೆ ನಿವೃತ್ತಿಯ ವಯಸ್ಸು ಎಂಬುದಿಲ್ಲ, ಅಜ್ಜನಿಗಂತೂ ಅದರ ಯೋಚನೆಯೂ ಇಲ್ಲ. ಈ ದಳದ ಒಬ್ಬೊಬ್ಬರಿಗೂ ಮಂಜಿನ ಮೇಲೆ ನಡೆಯಲು ಕಲಿಸಿದ್ದು ಅವರೇ. ದಳ ಹೊರಟಾಗಲೆಲ್ಲ ಮುಂದೆ ಅವರೇ, ಮಂಜಿನ ಗಟ್ಟಿ ಪೊಳ್ಳು ನೋಡುವವರೂ ಅವರೇ. ಅವರನ್ನು ಕಂಡು ನೌಯಾ ಮುಖ ಸಣ್ಣದಾಗುತ್ತದೆ.

ಕಾರಣ ಇಡೀ ಊರಿಗೆ ಗೊತ್ತು. ಅಜ್ಜನ ಕಣ್ಣಿಗೆ ಪೊರೆ ಬಂದಿದೆ. ಕಣ್ಣಿನ ಡಾಕ್ಟರು ವರ್ಷಕ್ಕೊಮ್ಮೆ ವಿಮಾನದಲ್ಲಿ ಬರುತ್ತಾರೆ, ಅವರು ಬಂದ ವಾರವೇ ಅಜ್ಜನಿಗೆ ಸೀಲ್ ಬೇಟೆಯ ನೆನಪಾಗುತ್ತದೆ. ದೊಡ್ಡವರಿಗೆ ಹೀಗೆ ಮಾಡು, ಹಾಗೆ ಮಾಡಬೇಡ ಎನ್ನುವುದು ಇಲ್ಲಿಯವರ ರಕ್ತದಲ್ಲೇ ಇಲ್ಲ. ಬಾಯಿ ಬಿಡಲಾರದ ದಳದವರು ಒಂದು ಉಪಾಯ ಹೂಡಿದರು. ಅಜ್ಜ ದಾರಿ ತಪ್ಪುತ್ತಿದ್ದಾರೆ ಅನ್ನಿಸಿದಾಗ ಎಡಕ್ಕೊಬ್ಬರು ಬಲಕ್ಕೊಬ್ಬರು ಬೈಕು ತಂದು ಮೆಲ್ಲಗೆ ಒತ್ತರಿಸಿ ಸರಿದಾರಿಗೆ ತರುವುದು. "ಏನ್ರೋ ಅವಸರ? ಅಲ್ಲಿ ಹೆಣ್ಣು ನೋಡೋಕೆ ಹೊರಟಿದ್ದೀರಾ?" ಎಂದು ಅಜ್ಜ ಬೈಯುತ್ತಿದ್ದರಂತೆ.

ಆ ಮರ್ಯಾದೆಯೇ ಕಳೆದ ವಸಂತದಲ್ಲಿ ಒಂದು ಜೀವ ತೆಗೆಯುವುದರಲ್ಲಿತ್ತು. ಕಡಲಿನ ಉಬ್ಬರಕ್ಕೆ ಬಿಟ್ಟ ಬಿರುಕಿನ ಮೇಲೆ ಹೊಸ ಹಿಮ ಮುಚ್ಚಿತ್ತು. ಅಜ್ಜನಿಗೆ ಕಾಣಲಿಲ್ಲ. ಅವರ ಬೈಕು ಹೇಗೋ ದಾಟಿತು, ಹಿಂದಿನ ಗಾಡಿಯಡಿ ಮಂಜು ಮುರಿದು ದಕ್ಷಿಣದ ಸೈನಿಕನೊಬ್ಬ ಎದೆಮಟ್ಟ ನೀರಿಗೆ ಬಿದ್ದ. ನೌಯಾ ಮಂಜಿನ ಮೇಲೆ ಬೋರಲಾಗಿ ಮಲಗಿ, ತೆವಳಿ, ಹಗ್ಗ ಎಸೆದು ಅವನನ್ನು ಎಳೆದು ಹಾಕಿದರು. ಒದ್ದೆ ಬಟ್ಟೆ ಕಿತ್ತೊಗೆದು ತಮ್ಮ ನಿಲುವಂಗಿಯನ್ನೇ ಅವನಿಗೆ ತೊಡಿಸಿದರು. ಇಂಥವರಿಗೆ ಕೈಮುಗಿಯದೆ ಇರುವುದು ಹೇಗೆ?

ಸರಿ, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಶರತ್ಕಾಲದಲ್ಲಿ ದಳದ ಸಭೆ ಸೇರಿತು. ಇಲ್ಲಿ ಮುಂದಾಳನ್ನು ಮೇಲಿನವರು ನೇಮಿಸುವುದಿಲ್ಲ, ದಳದವರೇ ಕೈಯೆತ್ತಿ ಆರಿಸುತ್ತಾರೆ. ಎಲ್ಲ ಕೈಗಳೂ ನೌಯಾ ಹೆಸರಿಗೇ ಎದ್ದವು. ಹಗ್ಗ ಎಸೆದ ಧೈರ್ಯಕ್ಕೆ ಸಿಕ್ಕ ಮನ್ನಣೆ ಎಂದು ಅವರು ಹಿಗ್ಗಿದ್ದರು. ನಿಜ ಸಂಗತಿ ಬಿಚ್ಚಿಟ್ಟವನು ದಳದ ತಮಾಷೆಗಾರ ಎಟೂಕ್.

"ಅಜ್ಜಂಗೆ ಬೇಡ ಅನ್ನೋ ಗುಂಡಿಗೆ ನಮ್ಮಲ್ಲಿ ಯಾರಿಗಿದೆ? ಅವರಪ್ಪ ಮಾತ್ರ ಹೇಳ್ಬೋದು. ಅದಕ್ಕೇ ಅವರಪ್ಪಂಗೇ ಓಟು ಹಾಕಿದ್ವಿ."

ಎಟೂಕ್ ಹೇಳಿದ್ದು ಸುಳ್ಳಲ್ಲ. ಅಜ್ಜನ ತಂದೆಯ ಹೆಸರೂ ನೌಯಾ. ಅವರು ತೀರಿಕೊಂಡ ಚಳಿಗಾಲದಲ್ಲೇ ಹುಟ್ಟಿದ ಈ ಹೆಣ್ಣುಕೂಸಿಗೆ ಊರಿನ ಪದ್ಧತಿಯಂತೆ ಅದೇ ಹೆಸರಿಟ್ಟರು. ಹೆಸರು ಬಂದಲ್ಲಿಗೆ ಮನುಷ್ಯನೂ ಬಂದ ಎಂದೇ ಇಲ್ಲಿಯವರ ನಂಬಿಕೆ. ಅಂದಿನಿಂದ ಕವ್ವಿಕ್ ಈಕೆಯನ್ನು ಕರೆಯುವುದೇ "ಅಪ್ಪ" ಎಂದು. ಬೇಟೆಯಾಡಿದ ಸೀಲ್‌ನ ಪಿತ್ತಜನಕಾಂಗದ ಮೊದಲ ತುಂಡು "ನಮ್ಮಪ್ಪಂಗೆ ಇದೇ ಇಷ್ಟ" ಎಂದು ಈಕೆಯ ಮನೆಗೇ ಬರುತ್ತಿತ್ತು. ಮಗುವೂ ಅವರ ತೊಡೆಯ ಮೇಲೆ ಕೂತು "ಮಗನೇ" ಎನ್ನುತ್ತಿತ್ತು. ಆದರೆ ಅವರ ಕೈಕೆಳಗೆ ರೇಂಜರ್ ಆದ ಮೇಲೆ ಆ ಮಾತು ನೌಯಾ ಬಾಯಿಗೆ ಬರಲೇ ಇಲ್ಲ. ಗುರುವನ್ನು ಮಗನೇ ಎನ್ನಲು ನಾಚಿಕೆ, ಬರೀ "ಅಜ್ಜ" ಆಯಿತು.

"ಎಂಟು ಜನ ಹೋಗ್ತೀವಿ, ಎಂಟೂ ಜನ ವಾಪಸ್ ಬರ್ಬೇಕು. ನನ್ನ ಆಸೆ ಅಷ್ಟೇ," ಎನ್ನುತ್ತಾರೆ ನೌಯಾ, ಕೊನೆಯ ಗಂಟು ಬಿಗಿಯುತ್ತ. "ಅಜ್ಜ ಮುಂದೆ ಹೋದ್ರೆ ಯಾರಾದ್ರೂ ಸಾಯ್ತಾರೆ. ಬೇಡ ಅಂದು ಮನೇಲಿ ಕೂರಿಸಿದ್ರೆ ಅಜ್ಜನೇ ಸಾಯ್ತಾರೆ."

ಸೈನಿಕರು ಸಜ್ಜಾಗಿದ್ದಾರೆ. ಅಜ್ಜ ಇಂಜಿನ್ ಚಾಲೂ ಮಾಡುತ್ತಾರೆ. ನೌಯಾ ಎದ್ದು ಹೋಗಿ ಅವರ ಬೈಕಿನ ಎದುರು ನಿಲ್ಲುತ್ತಾರೆ. ಎಟೂಕ್‌ಗೆ ಇದ್ದಕ್ಕಿದ್ದಂತೆ ತನ್ನ ಬೂಟಿನಲ್ಲಿ ಏನೋ ಕಾಣಿಸುತ್ತದೆ, ಉಳಿದವರೂ ತಂತಮ್ಮ ಬೂಟು ನೋಡಿಕೊಳ್ಳುತ್ತಾರೆ.

"ಮಗನೇ," ಎನ್ನುತ್ತಾರೆ ನೌಯಾ. "ಬೈಕ್ ಆಫ್ ಮಾಡು. ಇವತ್ತಿಂದ ಮುಂದೆ ನಾನು ಹೋಗ್ತೀನಿ. ನೀನು ನನ್ನ ಗಾಡೀಲಿ ಕೂತ್ಕೊಂಡು ಬಾ."

ಇಂಜಿನ್ ನಿಲ್ಲುತ್ತದೆ. ಅಜ್ಜ ಹುಬ್ಬುಗಳನ್ನು ಮೇಲೆತ್ತುತ್ತಾರೆ. ಇಲ್ಲಿಯವರು ಹೂಂ ಎನ್ನುವುದು ಹಾಗೆಯೇ. ಬೈಕಿನಿಂದಿಳಿದು, ನೌಯಾ ತೋಳು ಹಿಡಿದು ನಡೆದು ಕಮುಟಿಕ್ ಮೇಲೆ ಕೂರುತ್ತಾರೆ.

"ಇಷ್ಟು ದಿನ ಯಾಕಪ್ಪ ಸುಮ್ನಿದ್ದೆ?" ಎನ್ನುತ್ತಾರೆ ಮೆಲ್ಲಗೆ. "ಆ ಹುಡುಗ ನೀರಿಗೆ ಬಿದ್ದಾಗಿಂದ ನಂಗೆ ಮುಂದೆ ಹೋಗೋಕೆ ಭಯ. ಇವ್ರೆಲ್ಲ ನನ್ನ ನೆಚ್ಕೊಂಡು ಬರೋರು, ನಾನೇ ಹೆಂಗೆ ಹೇಳ್ಲಿ? ಯಾರಾದ್ರೂ ಬೇಡ ಅನ್ನಲಿ ಅಂತ ಕಾಯ್ತಾನೇ ಇದ್ದೆ."

ನೌಯಾ ಅಜ್ಜನ ಮೊಣಕಾಲಿನ ಮೇಲೆ ಸಾರಂಗದ ಚರ್ಮ ಹೊದಿಸಿ, ಸುತ್ತ ಒತ್ತಿ, ಸಾಲಿನ ಮುಂದಕ್ಕೆ ನಡೆಯುತ್ತಾರೆ.